ಬೂಷ್ಟು ಹಿಡಿಯದ ಪೆಟ್ಟಿಗೆ

ಕಕ್ಕಡದ ಮಳೆಗೆ ಬೂಷ್ಟು ಹಿಡಿಯದ ವಸ್ತು ನಮ್ಮ ಕೊಡಗಿನಲ್ಲಿ ಯಾವುದಿದೆ ಹೇಳಿ. ಚಪ್ಪಲಿ, ಬೆಲ್ಟು, ಗೋಡೆಯ ಮೇಲಿನ ಅಜ್ಜನ ಫೋಟೊ, ಬೀರುವಿನೊಳಗಿನ ಕುಪ್ಯ, ಎಲ್ಲದಕ್ಕೂ ಬಿಳಿ ತುಪ್ಪಳ. ಪಕ್ಕದ ತೋಟದ ಅಕ್ಕನ ಮದುವೆಯ ವಿಡಿಯೊ ಕ್ಯಾಸೆಟ್ಟನ್ನೂ ಬೂಷ್ಟು ಬಿಡಲಿಲ್ಲ. ಪೇಟೆಗೆ ಒಯ್ದು ಒರೆಸಿ ಸಿಡಿ ಮಾಡಿಸಿದರು. ಸಿಡಿಗೆ ಗೀರು ಬಿತ್ತು, ಪೆನ್‌ಡ್ರೈವ್ ಬಂತು. ಅದು ಮೊಮ್ಮಗನ ಚಡ್ಡಿಜೇಬಿನಲ್ಲಿ ಕೂತು ವಾಷಿಂಗ್ ಮಷೀನಿಗೆ ಹೋಯಿತು. ಮಗಳ ಲ್ಯಾಪ್‌ಟಾಪಿನಲ್ಲಿ ಒಂದು ಪ್ರತಿ ಇತ್ತು, ಬಚಾವು. ಈಗ ಎಲ್ಲವೂ ಒಂದು ಹಾರ್ಡ್ ಡಿಸ್ಕಿನಲ್ಲಿದೆ. ಮೊನ್ನೆ ಮಳೆ ಒಂದಿಷ್ಟು ಬಿಟ್ಟಾಗ ಅದನ್ನೇ ಹಿಡಿದು ಬೇಲಿ ಹತ್ತಿರ ಬಂದರು.

“ಲ್ಯಾಪ್‌ಟಾಪಿಗೆ ಹಾಕಿದರೆ ಟಿಕ್ ಟಿಕ್ ಅಂತದೆ ಮಾರಾಯ. ಹುಳ ಹೊಕ್ಕಿದೆಯಾ?”

“ಒಳಗೆ ತಟ್ಟೆ ತಿರುಗ್ತದೆ ಅಕ್ಕ, ನಿಮಿಷಕ್ಕೆ 5,400 ಸುತ್ತು. ಓದುವ ಮುಳ್ಳು ತಟ್ಟೆಗೆ ತಾಗದೆ ಮೇಲೆ ತೇಲ್ತದೆ. ನಡುವಿನ ಸಂದಿ ನಮ್ಮ ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣದು. ಮುಳ್ಳಿಗೆ ಜಾಗ ಸಿಗದಿದ್ದರೆ ಹೀಗೆ ಬಡಿದುಕೊಳ್ತದೆ. ಮೊದಲು ಕೇಬಲ್ ಬದಲಿಸಿ ನೋಡುವ. ಕರೆಂಟೂ ಅದರಲ್ಲೇ ಬರುವುದು.”

ಕೇಬಲ್ ಬದಲಿಸಿದೆ. ಟಿಕ್ ಟಿಕ್ ನಿಂತಿತು. ಅಕ್ಕನ ದೂರು ನಿಲ್ಲಲಿಲ್ಲ.

“ಒಂದು ಟೆರಾಬೈಟ್ ಅಂತ ದುಡ್ಡು ತೆಗೆದುಕೊಂಡ. ಇದರಲ್ಲಿ 931 ಜಿಬಿ ಅಂತದೆ. ತೇವಾಂಶ ಅಂತ ಕಳೆದನಾ, ಕಾಫಿ ವ್ಯಾಪಾರಿಯ ಹಾಗೆ?”

ಪಾಪ, ಅಂಗಡಿಯವನ ತಪ್ಪಿಲ್ಲ. ತಯಾರಿಸಿದವರದು ಸಾವಿರದ ಲೆಕ್ಕ, ವಿಂಡೋಸಿನದು 1,024ರ ಲೆಕ್ಕ. ಅಷ್ಟಕ್ಕೂ 1956ರಲ್ಲಿ ಐಬಿಎಂನವರು ತಂದ ಮೊದಲ ಹಾರ್ಡ್ ಡಿಸ್ಕ್ ಒಂದು ಟನ್ನಿನ ಹತ್ತಿರ ತೂಗುತ್ತಿತ್ತಂತೆ. ಎರಡಡಿ ಅಗಲದ ತಟ್ಟೆಗಳು ಐವತ್ತು. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ, ಅಂದರೆ ಈಗಿನ ಮೊಬೈಲಿನ ಒಂದೆರಡು ಫೋಟೊ.

“ಇದನ್ನು ಒಲೆಯ ಮೇಲೆ ತೂಗುಹಾಕಲಾ, ಒಣಕ್ ಎರ್ಚಿ ಪಕ್ಕ? ಅಲ್ಲಿ ಬೂಷ್ಟು ಬರುವುದಿಲ್ಲ.”

“ಬೇಡ ಅಕ್ಕ! ಹೊಗೆಯೂ ಬಿಸಿಯೂ ಇದಕ್ಕೆ ಆಗುವುದಿಲ್ಲ. ಹೊಸ ಶೂ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಬರ್ತದಲ್ಲ, ಅದನ್ನು ಹಾಕಿ ಗಾಳಿಯಾಡದ ಡಬ್ಬಿಯಲ್ಲಿಡಿ. ಇಲ್ಲದಿದ್ದರೆ ಎಸ್‌ಎಸ್‌ಡಿ ತೆಗೆದುಕೊಳ್ಳಿ. ತಿರುಗುವ ತಟ್ಟೆ ಇಲ್ಲ, ಕೈಜಾರಿದರೂ ಅಷ್ಟು ಭಯವಿಲ್ಲ. ಆದರೆ ಕರೆಂಟ್ ತೋರಿಸದೆ ವರ್ಷಗಟ್ಟಲೆ ಮುಚ್ಚಿಟ್ಟರೆ ಬರೆದದ್ದು ಅಳಿಸಿ ಹೋಗಬಹುದು.”

“ನಮಗೇ ಕರೆಂಟಿಲ್ಲ, ಅದಕ್ಕೆಲ್ಲಿಂದ ತರಲಿ? ನಮ್ಮ ಹಾಡಿನ ಪುಸ್ತಕ ಪಟ್ಟೋಲೆ ಪಳಮೆ ನೋಡು. ನಡಿಕೇರಿಯಂಡ ಚಿನ್ನಪ್ಪನವರು 1924ರಲ್ಲಿ ಅಚ್ಚು ಹಾಕಿಸಿದ್ದು. ಕೇಬಲ್ ಬೇಡ, ಏನೂ ಬೇಡ, ತೆರೆದರೆ ಪಾಟ್ ಸಿಗ್ತದೆ.”

ಅಕ್ಕನ ಮಾತು ಅರ್ಧ ಸರಿ. ಬಾಯಲ್ಲಿದ್ದ ಹಾಡನ್ನು ಚಿನ್ನಪ್ಪನವರು ಕನ್ನಡ ಲಿಪಿಯಲ್ಲಿ ಬರೆದಿಟ್ಟರು, ಆಮೇಲಿನವರು ಮತ್ತೆ ಅಚ್ಚು ಹಾಕಿಸಿದರು. ಕೊಡಗಿನ ಮಳೆಗಾಲಕ್ಕೆ ಕಾಗದವೇನು ದೊಡ್ಡ ಗಟ್ಟಿಗನಲ್ಲ. ಒಂದು ಪ್ರತಿ ಹಾಳಾಗುವ ಮೊದಲೇ ಇನ್ನೊಂದು ಮಾಡುವವರಿದ್ದರು, ಅದಕ್ಕೇ ಉಳಿಯಿತು. ಅಕ್ಕನ ಡಿಸ್ಕಿಗೂ ಬೇಕಾದದ್ದು ಅದೇ.

“ಹಾಗಾದರೆ ಇನ್ನೊಂದು ಮಾಡಿ ನಿನ್ನ ಮನೆಯಲ್ಲೇ ಇಟ್ಟುಕೊ.”

“ನಿಮ್ಮ ಮನೆಗೂ ನಮ್ಮ ಮನೆಗೂ ಹಿಂದಿರುವುದು ಒಂದೇ ಗುಡ್ಡ ಅಕ್ಕ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಏನಾಯ್ತು ನೋಡಿದಿರಲ್ಲ. ಬೆಂಗಳೂರಿಗೆ, ಮಗಳ ಮನೆಗೆ ಕಳಿಸಿ.”

ಅಕ್ಕ ಡಿಸ್ಕನ್ನು ಸೆರಗಿನೊಳಗೆ ಸೇರಿಸಿಕೊಂಡು ದನಿ ತಗ್ಗಿಸಿದರು. “ಕಳಿಸಬಹುದು. ಆದರೆ ವಾಲಗಕ್ಕೆ ಕುಣಿಯುವಾಗ ನಿನ್ನ ಭಾವನ ಮಂಡೆತುಣಿ ಜಾರಿ ಬಿದ್ದದ್ದು ಅದರಲ್ಲೇ ಇದೆ. ಅಳಿಯ ನೋಡಿದರೆ ಇವರು ನನ್ನನ್ನು ಮನೆಯಲ್ಲಿರಲು ಬಿಡುವುದಿಲ್ಲ. ಅಷ್ಟು ಮಾತ್ರ ಕತ್ತರಿಸಿ ಕಾಪಿ ಮಾಡಲಿಕ್ಕಾಗ್ತದಾ?”