ಬಾಸೆಲಿಗೆ ಹೋದ ಬಾಸ್

ಮಂಗಳೂರು ಕಡೆಯ ಪ್ರಾಟೆಸ್ಟಂಟ್ ದೇವಾಲಯಗಳಲ್ಲಿ ಕ್ವಾಯರ್ ಸೇರಲು ಎರಡು ಅರ್ಹತೆ ಸಾಕು: ಶನಿವಾರ ಸಂಜೆ ಬಿಡುವಿರಬೇಕು, ಕ್ವಾಯರ್ ಮಾಸ್ಟರ್ ಬೈದರೆ ಮನಸ್ಸಿಗೆ ಹಚ್ಚಿಕೊಳ್ಳಬಾರದು. ಕಂಠ ಇದ್ದರೆ ಒಳ್ಳೆಯದು. ಇಲ್ಲದವರನ್ನು ನನ್ನ ಹಾಗೆ ತಗ್ಗು ದನಿಯ ಬಾಸ್‌ಗೆ ಹಾಕುತ್ತಾರೆ. ಬಾಸ್‌ನವನು ತಪ್ಪಿದರೆ, ಹಿಂದೆ ಯಾರೋ ಬೆಂಚು ಎಳೆದರು ಎಂದು ಸಭೆಯವರು ಸುಮ್ಮನಾಗುತ್ತಾರೆ.

ಇಂಥ ನಾವು ಜರ್ಮನಿ, ಸ್ವಿಟ್ಜರ್ಲೆಂಡಿಗೆ ಹಾಡಲು ಹೊರಟದ್ದಕ್ಕೆ ಚರಿತ್ರೆಯೇ ಹೊಣೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೊದಲ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಹಿಂದೆ ಅಚ್ಚುಕೂಟ ಬಂತು, ಮಗ್ಗ ಬಂತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಜರ್ಮನ್ ರಾಗಗಳೂ ಬಂದು ಕನ್ನಡ ಮಾತು ಕಲಿತವು. ಹೆಂಚು ಈಗ ಕಾಂಕ್ರೀಟಿಗೆ ಸೋತಿದೆ, ರಾಗ ಸೋತಿಲ್ಲ. ಆ ರಾಗಗಳನ್ನೊಮ್ಮೆ ತವರಿಗೆ ಕರೆದುಕೊಂಡು ಹೋಗಿ ಬರೋಣ ಎಂದರು ನಮ್ಮ ಸಭಾಪಾಲಕರು.

ಕ್ವಾಯರ್ ಮಾಸ್ಟರಿಗೆ ಜರ್ಮನ್ ಸಂಗೀತಗಾರ ಬಾಖ್ ಎಂದರೆ ಪ್ರಾಣ. ಜರ್ಮನಿಯಲ್ಲಿ ಬಾಖ್ ಹಾಡದೆ ಬರುವುದುಂಟೇ ಎಂದು ತಿಂಗಳುಗಟ್ಟಲೆ ತಾಲೀಮು ನಡೆಸಿದರು. ಲೈಪ್ಜಿಗ್‌ನ ಸೇಂಟ್ ಥಾಮಸ್ ಶಾಲೆಯ ಹುಡುಗರಿಗೆ ಹಾಡಿಸುತ್ತಿದ್ದ ಬಾಖ್ 1730ರಲ್ಲಿ ಅಲ್ಲಿನ ನಗರಸಭೆಗೆ ಒಂದು ದೂರು ಬರೆದಿದ್ದ. ಅದರಲ್ಲಿ ಹುಡುಗರ ಲೆಕ್ಕ ಹೀಗಿದೆ: ಕೆಲಸಕ್ಕೆ ಬರುವವರು 17, ಸದ್ಯಕ್ಕೆ ಬಾರದವರು 20, ಎಂದಿಗೂ ಬಾರದವರು 17. ಮಾಸ್ಟರ್ ಈ ಲೆಕ್ಕವನ್ನು ಆಗಾಗ ಒಪ್ಪಿಸುತ್ತಿದ್ದರು. ಕೊನೆಯ ಗುಂಪಿಗೆ ಬಂದಾಗ ಅವರ ಕಣ್ಣು ಬಾಸ್‌ನವರ ಮೇಲಿರುತ್ತಿತ್ತು. ಟೆನರ್‌ನವನನ್ನು ಮಾತ್ರ ಅವರು ಎಂದೂ ಗದರಿದವರಲ್ಲ. ಇದ್ದವನು ಅವನೊಬ್ಬನೇ, ಮುನಿಸಿಕೊಂಡರೆ ನಾಲ್ಕು ಧ್ವನಿಗಳಲ್ಲಿ ಒಂದು ಮನೆಗೆ ಹೋದ ಹಾಗೆಯೇ.

1834ರ ಪಾದ್ರಿಗಳನ್ನು ಮಂಗಳೂರಿನಲ್ಲಿ ಯಾರೂ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿರಲಿಕ್ಕಿಲ್ಲ. ನಮಗೆ ಷೆಂಗೆನ್ ವೀಸಾ ಬೇಕಿತ್ತು: ಕಾಗದಪತ್ರಗಳ ಕಟ್ಟು, ಕನಿಷ್ಠ 30,000 ಯೂರೋ ವಿಮೆ, ಹತ್ತು ಬೆರಳಿನ ಗುರುತು. ಆಲ್ಟೊ ಹಾಡುವ ಆಂಟಿಯೊಬ್ಬರಿಗೆ ಪಾತ್ರೆ ತಿಕ್ಕಿ ತಿಕ್ಕಿ ಬೆರಳಿನ ಗೆರೆಯೇ ಸವೆದಿತ್ತು, ಯಂತ್ರ ಒಪ್ಪಲೊಲ್ಲದು. “ನಾನು ಇದ್ದೇನೆ ಅಂತ ಇದಕ್ಕೆ ಇನ್ನು ಹೇಗೆ ಹೇಳುವುದು ಮಾರಾಯ್ರೇ?” ಎಂದು ಕೌಂಟರಿನವರನ್ನೇ ಕೇಳಿದರು. ಇಷ್ಟೆಲ್ಲ ಆಗಿ ಬಾಸೆಲಿಗೆ ಹೋದರೆ, ಅಲ್ಲಿ 8ನೇ ನಂಬರಿನ ಟ್ರಾಮ್ ಜರ್ಮನಿಗೆ ಹೋಗುತ್ತದೆ, 3ನೇ ನಂಬರಿನದು ಫ್ರಾನ್ಸಿಗೆ. ಆಂಟಿ ಪಾಸ್‌ಪೋರ್ಟ್ ಬಿಡಿಸಿ ಹಿಡಿದುಕೊಂಡೇ ಗಡಿ ದಾಟಿದರು. ಯಾರೂ ಕೇಳಲಿಲ್ಲ. ಅವರಿಗೆ ಅದು ದೊಡ್ಡ ಅವಮಾನವಾಯಿತು.

ನಮ್ಮ ವಸತಿ ಅಲ್ಲಿನ ಸಭೆಯವರ ಮನೆಗಳಲ್ಲಿ. ಪ್ರೀತಿಗೆ ಕೊರತೆಯಿಲ್ಲ, ರಾತ್ರಿ ಒಲೆ ಹಚ್ಚುವ ಪದ್ಧತಿಯೂ ಇಲ್ಲ. ಬ್ರೆಡ್ಡು, ಚೀಸು, ತಣ್ಣಗಿನ ಮಾಂಸದ ಹೋಳು. ಅಲ್ಲಿಗೆ ಊಟ ಮುಗಿಯಿತು. ಎರಡನೆಯ ರಾತ್ರಿಯೇ ಚೀಲದ ತಳದಿಂದ ಮಾವಿನ ಮಿಡಿ ಉಪ್ಪಿನಕಾಯಿ ಮೇಲೆದ್ದು ಬಂತು. ಬಾಟಲಿ ಖಾಲಿ ಮಾಡಿದವರು ಮಾತ್ರ ಮನೆಯವರು.

ಜರ್ಮನಿಯಲ್ಲಿ ನಮ್ಮ ಕಾರ್ಯಕ್ರಮ ಇದ್ದದ್ದು ಉಲ್ಮ್ ಊರಿನಲ್ಲಿ. ಅಲ್ಲಿನ ದೇವಾಲಯದ ಗೋಪುರ 161.5 ಮೀಟರ್ ಎತ್ತರ, 768 ಮೆಟ್ಟಿಲು. ಕಾರ್ಯಕ್ರಮದ ದಿನ ಬೆಳಿಗ್ಗೆ ನಮ್ಮ ಟೆನರ್‌ಗೆ ಆ ಮೆಟ್ಟಿಲುಗಳ ಮೇಲೆ ಮೋಹ ಹುಟ್ಟಿತು. ಸಂಜೆ ಅವನು ಬಾಯಿ ತೆರೆದದ್ದು ಉಸಿರಾಡುವುದಕ್ಕೆ ಮಾತ್ರ.

ಹಾಗಾಗಿ ಅಂದು ಬಾಖ್ ಮೂರು ಕಾಲಿನ ಮೇಲೆ ನಡೆದ. ಅಲ್ಲಿನ ಕ್ವಾಯರ್ ಮಾಸ್ಟರ್ “ಬಹಳ ಅಭ್ಯಾಸ ಮಾಡಿದ್ದೀರಿ” ಎಂದರು. ಅದಕ್ಕಿಂತ ಹೆಚ್ಚಿಗೆ ಹೇಳಲಿಲ್ಲ. ಆಮೇಲೆ ಅವರಿಗೂ ಗೊತ್ತಿರುವ ಹಳೆಯ ರಾಗವೊಂದನ್ನು ಕನ್ನಡದಲ್ಲಿ ಎತ್ತಿಕೊಂಡೆವು. ಕೂತಿದ್ದವರ ಮುಖ ಅರಳಿತು. ಎದ್ದು ನಿಂತು ಜರ್ಮನ್ ಭಾಷೆಯಲ್ಲಿ ದನಿಗೂಡಿಸಿದರು. ಆದರೆ ಆ ರಾಗ ನಮ್ಮ ಕರಾವಳಿಯ ಸೆಕೆಯಲ್ಲಿ ಬಹುಕಾಲ ಬಾಳಿ ನಡಿಗೆ ನಿಧಾನ ಮಾಡಿಕೊಂಡಿತ್ತು. ಅವರು ಎರಡನೆಯ ಚರಣಕ್ಕೆ ಹೋದರೂ ನಾವು ಮೊದಲನೆಯದರ ಮೂರನೆಯ ಸಾಲಿನಲ್ಲೇ ಇದ್ದೆವು. ಆರ್ಗನ್ ನುಡಿಸುವಾತ ಯಾರ ಜೊತೆ ಹೋಗುವುದೆಂದು ತಿಳಿಯದೆ ಕೈ ಎತ್ತಿಬಿಟ್ಟ. ಕೊನೆಗೆ, ಹೊತ್ತು ಉಳಿದರೆ ಇರಲಿ ಎಂದು ಇಟ್ಟುಕೊಂಡಿದ್ದ ಕನ್ನಡ ಕೀರ್ತನೆಯನ್ನು ತಬಲದ ಜೊತೆ ಹಾಡಿದೆವು. ಅದನ್ನು ಇನ್ನೊಮ್ಮೆ ಕೇಳಿದರು. ಮತ್ತೂ ಒಮ್ಮೆ ಕೇಳಿದರು. ತಾಲೀಮಿನಲ್ಲಿ ಅದಕ್ಕೆ ನಾವು ಕೊಟ್ಟದ್ದು ಕಾಲು ಗಂಟೆ ಕೂಡ ಅಲ್ಲ.

ಹಾಡಲು ಪರದೇಶಕ್ಕೆ ಹೊರಟಿರುವ ಕ್ವಾಯರ್‌ನವರಿಗೆ ನನ್ನದೊಂದು ಮಾತು. ಅವರ ಬಾಖ್ ಅವರಲ್ಲಿ ಬೇಕಾದಷ್ಟಿದ್ದಾನೆ. ನೀವು ನಿಮ್ಮ ಕೀರ್ತನೆ ಒಯ್ಯಿರಿ. ಉಪ್ಪಿನಕಾಯಿ ಎರಡು ಬಾಟಲಿ ಇರಲಿ. ಟೆನರ್‌ಗಳೂ ಇಬ್ಬರಿರಲಿ, ಒಬ್ಬ ಮೆಟ್ಟಿಲು ಹತ್ತಲು.