ಕೀಲಿಕೈ ಸಾಹುಕಾರರು

ಊರಿನಲ್ಲಿ ಹೊಲವನ್ನೂ ಬ್ಯಾಡಗಿಯಲ್ಲಿ ದಲಾಲಿ ಅಂಗಡಿಯನ್ನೂ ಹಾವೇರಿಯಲ್ಲಿ ಮೂರಂತಸ್ತಿನ ಕಾಂಪ್ಲೆಕ್ಸನ್ನೂ ಹೊಂದಿ, ಈ ಮೂರರಲ್ಲಿ ಕೊನೆಯದಕ್ಕೆ ಮಾತ್ರ ತಮ್ಮ ನಿದ್ರೆಯನ್ನು ಒತ್ತೆಯಿಟ್ಟ ಮಹನೀಯರನ್ನು ಕಾಣಬೇಕೆನ್ನುವವರು ನಮ್ಮ ಜಿಲ್ಲೆಗೇ ಬರಬೇಕು. ನಾನು ಹೇಳಹೊರಟ ಸಾಹುಕಾರರು ಹೊಸರಿತ್ತಿಯವರು. 1997ರಲ್ಲಿ ಹಾವೇರಿಯು ಧಾರವಾಡದಿಂದ ಬೇರ್ಪಟ್ಟು ಜಿಲ್ಲಾ ಕೇಂದ್ರವಾದ ತರುವಾಯ, ಕಚೇರಿಗಳೂ ಅವುಗಳ ಬೆನ್ನಿಗೇ ವಕೀಲರೂ ವಿಮೆಯವರೂ ಝೆರಾಕ್ಸಿನವರೂ ಬಂದು ಬಾಡಿಗೆಯ ಜಾಗಕ್ಕಾಗಿ ಹಾತೊರೆಯುತ್ತಿದ್ದ ಕಾಲದಲ್ಲಿ, ಮೆಣಸಿನಕಾಯಿಗೆ ಒಳ್ಳೆಯ ಧಾರಣೆ ಬಂದ ಒಂದು ವರ್ಷದ ಲಾಭವನ್ನು ಸಿಮೆಂಟಿಗೆ ಸುರಿದು ಕಟ್ಟಡವೆಬ್ಬಿಸಿದ ದೂರದರ್ಶಿಗಳಲ್ಲಿ ಇವರೂ ಒಬ್ಬರು. ಕೆಳಗೆ ಔಷಧದಂಗಡಿ, ನಡುವೆ ಪತ್ತಿನ ಸಹಕಾರಿ ಸಂಘ ಮತ್ತು ಹಲ್ಲಿನ ಡಾಕ್ಟರು, ಮೇಲೆ ಟ್ಯೂಷನ್ನು, ಅದರ ಪಕ್ಕದ ಮೂಲೆಯಲ್ಲಿ ಈ ಲೇಖಕನ ಮೇಜು.

ಸಾಹುಕಾರರ ಆಗಮನವನ್ನು ಕಣ್ಣಿಗಿಂತ ಮೊದಲು ಕಿವಿ ಅರಿಯುತ್ತದೆ. ಧೋತರದ ಉಡಿದಾರಕ್ಕೆ ಬಿಗಿದ ಕೀಲಿಕೈಗಳ ಗೊಂಚಲು ಪಾವಟಿಗೆಯ ಬುಡದಲ್ಲಿ ಝಣತ್ಕರಿಸಿತೆಂದರೆ, ಟ್ಯೂಷನ್ನಿನ ಮಾಸ್ತರರು ಎರಡು ಪಂಖಗಳಲ್ಲಿ ಒಂದನ್ನು ಆರಿಸುವರು, ಸಂಘದ ಕಾರಕೂನನು ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಗಳನ್ನು ಒಳಗೆ ತೆಗೆದುಕೊಳ್ಳುವನು. ಆ ಗೊಂಚಲಿನಲ್ಲಿ ಮೇಲ್ಮಾಳಿಗೆಯ ಬಾಗಿಲಿನದುಂಟು, ಹಿಂಬದಿಯ ಪಾವಟಿಗೆಗೆ ಅಡ್ಡಗಟ್ಟಿದ ಗ್ರಿಲ್ಲಿನದುಂಟು, ಮೀಟರುಗಳ ಪೆಟ್ಟಿಗೆಯದುಂಟು, ನೀರಿನ ಮೋಟರಿನದುಂಟು. ಇವಲ್ಲದೆ, ಯಾವ ಬಾಗಿಲಿನದೆಂಬುದನ್ನು ಸ್ವತಃ ಸಾಹುಕಾರರೇ ಮರೆತಿದ್ದರೂ ಬಿಸಾಡಲೊಲ್ಲದ ಕೆಲವೂ ಉಂಟು. ಸಾಯಂಕಾಲದ ಬಸ್ಸಿನಲ್ಲಿ ಇವೆಲ್ಲವೂ ಸಾಹುಕಾರರೊಡನೆ ಹೊಸರಿತ್ತಿಗೆ ಪ್ರಯಾಣ ಮಾಡುವುವು. ಟ್ಯೂಷನ್ನಿನ ಮಕ್ಕಳೂ ಹಲ್ಲುನೋವಿನವರೂ ರಾತ್ರಿ ಒಂಬತ್ತರವರೆಗೆ ಇಲ್ಲಿಯೇ ಇರುವರು.

ಒಮ್ಮೆ ಡಾಕ್ಟರು ಧೈರ್ಯ ತಂದುಕೊಂಡು ಕೇಳಿಯೇ ಬಿಟ್ಟರು: "ಸಾಹುಕಾರ್ರ, ಹಿಂದಿನ ಬಾಗಲಾ ಒಂದರ ತಗದಿಡ್ರೀ. ನಾಳೆ ಬೆಂಕಿ ಬಿತ್ತಂದ್ರ ಮಂದಿ ಎಲ್ಲಿಂದ ಹೊರಗ ಹೋಗಬೇಕ್ರೀ?"

"ಡಾಕ್ಟರ್ರ, ಬೆಂಕಿ ಯಾವಾಗರ ಒಮ್ಮೆ ಬೀಳತೈತಿ. ಕಳ್ಳ ದಿನಾ ಬರತಾನ."

"ಇಷ್ಟು ವರ್ಷದಾಗ ಒಮ್ಮಿನೂ ಬಂದಿಲ್ಲಲ್ಲರೀ?"

"ಕೀಲಿ ಹಾಕೇನಿ, ಅದಕ್ಕ ಬಂದಿಲ್ಲ."

ತರ್ಕಶಾಸ್ತ್ರವನ್ನು ಅರೆದು ಕುಡಿದವರೂ ಈ ಉತ್ತರದ ಮುಂದೆ ಮೌನವಹಿಸಬೇಕಾದೀತು.

ಕೀಲಿಯ ಮೇಲಿನ ಈ ಶ್ರದ್ಧೆಗೆ ಅವರು ತಮ್ಮ ಊರಿನ ಇತಿಹಾಸವನ್ನೇ ಆಧಾರವಾಗಿ ಕೊಡುವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯ ವೀರಭದ್ರ ದೇವಾಲಯದಲ್ಲಿ ಪೊಲೀಸರ ಕಾವಲಿನಲ್ಲಿದ್ದ ಕಂದಾಯದ ಹಣದ ಮೇಲೆ ಏರಿಹೋಗಿ, ಮೈಲಾರ ಮಹದೇವಪ್ಪನವರು, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೊಡನೆ ಗುಂಡಿಗೆ ಎದೆಯೊಡ್ಡಿ ಹುತಾತ್ಮರಾದರು. ಗಾಂಧೀಜಿಯವರೊಂದಿಗೆ ದಂಡಿಗೆ ನಡೆದಿದ್ದ ಆ ಮಹದೇವಪ್ಪನವರ ಹೆಸರನ್ನು ಹೇಳುವಾಗ ಸಾಹುಕಾರರು ಟೊಪ್ಪಿಗೆಯನ್ನು ತೆಗೆಯುವರು, ಕಂಠವು ಗದ್ಗದವಾಗುವುದು, ಅದರಲ್ಲಿ ಕಿಂಚಿತ್ತೂ ಕಪಟವಿಲ್ಲ. ಆದರೆ ಟೊಪ್ಪಿಗೆಯನ್ನು ಮತ್ತೆ ಇಟ್ಟುಕೊಂಡ ಮೇಲೆ ಅದೇ ಕಥೆಯಿಂದ ಅವರು ತೆಗೆಯುವ ಸಾರಾಂಶವೆಂದರೆ, ಬಂದೂಕಿನವರನ್ನು ನಿಲ್ಲಿಸಿದರೂ ಬ್ರಿಟಿಷ್ ಸರಕಾರಕ್ಕೆ ಕಾವಲು ಕಾಯಲು ಬರಲಿಲ್ಲ ಎಂಬುದು. ಚರಿತ್ರೆಯಿಂದ ಯಾರು ಏನನ್ನು ಕಲಿಯುವರೆಂಬುದನ್ನು ಚರಿತ್ರೆಕಾರರು ನಿರ್ಧರಿಸಲಾರರಷ್ಟೆ.

ಅಗ್ನಿಯ ವಿಷಯದಲ್ಲಿ ಅವರು ತೀರ ಉದಾಸೀನರೆಂದೂ ಹೇಳುವಂತಿಲ್ಲ. ಮೊದಲ ಮಾಳಿಗೆಯ ತಿರುವಿನಲ್ಲಿ ಕೆಂಪು ಬಣ್ಣದ ಬೆಂಕಿ ನಂದಿಸುವ ಸಿಲಿಂಡರೊಂದು ಗೋಡೆಗೆ ತೂಗಿಕೊಂಡಿದೆ. ಮಹಾನವಮಿಯ ಖಂಡೇಪೂಜೆಯಂದು ತಕ್ಕಡಿ, ಮೋಟರುಗಳೊಡನೆ ಅದಕ್ಕೂ ವಿಭೂತಿ ಕುಂಕುಮಗಳ ಲೇಪನವಾಗಿ, ಚೆಂಡುಹೂವಿನ ಮಾಲೆ ಬೀಳುವುದು. ವರ್ಷವರ್ಷವೂ ಏರಿದ ವಿಭೂತಿಯ ಪದರಿನಡಿಯಲ್ಲಿ, ಒಳಗಿನ ಪುಡಿಯನ್ನು ಎಂದು ತುಂಬಿದ್ದು, ಮತ್ತೆ ಎಂದು ತುಂಬಿಸಬೇಕು ಎಂಬ ಚೀಟಿ ಅಡಗಿಹೋಗಿದೆ. ಕತ್ತಿನ ಬಳಿಯ ಪುಟ್ಟ ಬಿಲ್ಲೆಯಲ್ಲಿ ಒತ್ತಡವನ್ನು ತೋರಿಸುವ ಮುಳ್ಳು ಹಸಿರು ಭಾಗವನ್ನು ತ್ಯಜಿಸಿ, ಕೆಂಪಿನಲ್ಲಿ ಒರಗಿ, ಸುಖವಾಗಿ ವಿಶ್ರಮಿಸುತ್ತಿದೆ. ಅದರ ಪದತಲದಲ್ಲಿ ಧಾರಣೆ ಏರಲೆಂದು ಕಾಯುತ್ತಿರುವ ಬ್ಯಾಡಗಿ ಕಡ್ಡಿ ಮೆಣಸಿನಕಾಯಿಯ ಚೀಲಗಳು. ಅದು ಹೊತ್ತಿಕೊಂಡರೆ ಜ್ವಾಲೆಗಿಂತ ಮೊದಲು ಘಾಟೇ ನಮ್ಮೆಲ್ಲರ ಪ್ರಾಣವನ್ನು ತೆಗೆಯುವುದರಲ್ಲಿ ಸಂಶಯವಿಲ್ಲ.

ಕಾವಲುಗಾರನೂ ಇದ್ದಾನೆ. 2005ರ ಕಾಯಿದೆಯ ಪ್ರಕಾರ ಖಾಸಗಿ ಭದ್ರತಾ ಸಂಸ್ಥೆಗಳು ತಮ್ಮ ಕಾವಲುಗಾರರಿಗೆ ತರಬೇತಿ ಕೊಡಿಸಿರಬೇಕು. ಆದುದರಿಂದ ಸಾಹುಕಾರರು ಸಂಸ್ಥೆಯ ಗೊಡವೆಗೇ ಹೋಗದೆ, ಗೋವಿನಜೋಳದ ಹೊಲದಲ್ಲಿ ಗಿಳಿ ಓಡಿಸುತ್ತಿದ್ದ ಮುದುಕನನ್ನೇ ಕರೆತಂದು ಖಾಕಿ ತೊಡಿಸಿದ್ದಾರೆ. ಗಿಳಿಗಳು ಇದುವರೆಗೂ ಕಾಂಪ್ಲೆಕ್ಸಿನೊಳಕ್ಕೆ ಬಂದಿಲ್ಲ.

ದೇಶವಿದೇಶಗಳ ದೃಷ್ಟಾಂತಗಳಿಂದ ಅವರ ಮನವನ್ನು ತಿರುಗಿಸಲು ನಾನೂ ಯತ್ನಿಸಿದ್ದುಂಟು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿಗಳ ಕಟ್ಟಡದಲ್ಲಿ ಹೊಗೆ ತುಂಬಿ, ಹೊರದಾರಿ ದೊರೆಯದ ನೌಕರರು ಕಿಟಕಿಯ ಗಾಜೊಡೆದು ಕೆಳಗೆ ಹಾರಿದರೆಂದೂ 9 ಮಂದಿ ಸತ್ತರೆಂದೂ ವಿವರಿಸಿದೆ. "ಅದು ಬೆಂಗಳೂರು ಬಿಡ್ರೀ" ಎಂದರು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದಾಗ, ಕೆಲಸದ ಹೆಣ್ಣುಮಕ್ಕಳು ಬಟ್ಟೆ ಕದ್ದೊಯ್ದಾರೆಂಬ ಗುಮಾನಿಯಿಂದ ಬಾಗಿಲಿಗೆ ಕೀಲಿ ಹಾಕಿದ್ದರೆಂದೂ 146 ಜೀವಗಳು ಹೋದುವೆಂದೂ ಹೇಳಿದೆ. ಸಾಹುಕಾರರು ಕಣ್ಣರಳಿಸಿ ಕೇಳಿ, ಮುಗಿದ ಮೇಲೆ ಡಾಕ್ಟರ ಕಡೆಗೆ ತಿರುಗಿ ಅಂದರು: "ನೋಡ್ರೀ, ಅಮೇರಿಕಾದಾಗೂ ಕೀಲಿ ಹಾಕತಾರ."

ಅನಂತರ ದೃಷ್ಟಾಂತವು ನಮ್ಮ ಬಾಗಿಲಿಗೇ ಬಂದಿತು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಧಾರಣೆ ಕುಸಿದು, ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಕಿಚ್ಚಿಟ್ಟರು. ಮರುದಿನ ನಮ್ಮ ಸಾಹುಕಾರರ ಮುಖದಲ್ಲಿ ಬೆಂಕಿಯ ಭಯವನ್ನು ಮೊತ್ತಮೊದಲಿಗೆ ಕಂಡು, ಇನ್ನೇನು ಹಿಂಬಾಗಿಲು ತೆರೆಯಿತೆಂದು ನಾವು ಹಿಗ್ಗಿದೆವು. ವಾರದೊಳಗೆ ಮುಂಬಾಗಿಲಿಗೂ ಒಂದು ಗ್ರಿಲ್ಲು ಬಂದಿತು.

ಈ ವರ್ಷದ ಹನ್ನೊಂದು ತಿಂಗಳ ಕರಾರುಪತ್ರದಲ್ಲಿ 'ರಕ್ಷಣಾ ವೆಚ್ಚ' ಎಂಬ ಹೊಸ ಬಾಬಿನಡಿ ಪ್ರತಿ ಮಳಿಗೆಗೆ ತಿಂಗಳಿಗೆ 200 ರೂಪಾಯಿ ಸೇರಿದೆ. ಡಾಕ್ಟರೂ ಮಾಸ್ತರರೂ ಸಂಘದವರೂ ನಾನೂ ಗೊಣಗುತ್ತಲೇ ರುಜು ಹಾಕಿದ್ದೇವೆ. ಬಸ್ ನಿಲ್ದಾಣಕ್ಕೆ ಇಷ್ಟು ಸಮೀಪದಲ್ಲಿ ಈ ಬಾಡಿಗೆಗೆ ಹಾವೇರಿಯಲ್ಲಿ ಬೇರೆ ಜಾಗ ಸಿಕ್ಕುವುದಿಲ್ಲ.