ನಮ್ಮ ದೇಹಕ್ಕೆ ಪೋಡಿ ಮಾಡಿದ ತಜ್ಞ ವೈದ್ಯರಿಗೆ

ಮಾನ್ಯರೇ,

ಎಂಬಿಬಿಎಸ್‌ಗೆ ಐದೂವರೆ ವರ್ಷ, ಎಂ.ಡಿ.ಗೆ 3, ಡಿ.ಎಂ.ಗೆ ಮತ್ತೆ 3. ಇಷ್ಟು ಓದಿದ ಮೇಲೆ ನಿಮಗೆ ನಮ್ಮ ಒಂದು ಅಂಗ ಪೂರ್ತಿ ಅರ್ಥವಾಗುತ್ತದೆ. ಮಿಕ್ಕ ನಾವು ಪಕ್ಕದ ರೂಮಿನವರ ಪಾಲು. ತಾಲ್ಲೂಕು ಕಚೇರಿಗೆ ವರ್ಷಗಟ್ಟಲೆ ಅಲೆದರೂ ನಮ್ಮ ಜಮೀನಿಗೆ ಪೋಡಿ ಆಗದು. ನೀವೋ, ಒಂದೇ ಬೆಳಗಿನಲ್ಲಿ ದೇಹವನ್ನು ಅಳೆದು ಹದ್ದುಬಸ್ತು ಮಾಡಿಬಿಡುತ್ತೀರಿ. ಮಂಡಿ ಮೂಳೆಯವರಿಗೆ, ಬಾಯಿ ದಂತದವರಿಗೆ, ಕ್ರಿಯೇಟಿನಿನ್ ಕಿಡ್ನಿಯವರಿಗೆ.

ಆದರೆ ಕಾಯಿಲೆಗೆ ಸರ್ವೆ ನಂಬರ್ ಗೊತ್ತಿಲ್ಲ.

ನಮ್ಮ ಗೌರಿಬಿದನೂರು ತಾಲ್ಲೂಕಿನ ಎಷ್ಟೋ ಕೊಳವೆಬಾವಿಗಳಲ್ಲಿ ನೀರಿನ ಜೊತೆ ಫ್ಲೋರೈಡೂ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಸರ್ಕಾರಿ ಲೆಕ್ಕ. ಕುದಿಸಿದರೂ ಅದು ಹೋಗದು. ಎಳೆತನದಲ್ಲಿ ಹಲ್ಲಿನ ಮೇಲೆ ಕಂದುಗೆರೆ ಎಳೆದು, ನಡುವಯಸ್ಸಿಗೆ ಕತ್ತು, ಸೊಂಟ ಬಿಗಿಹಿಡಿಯುತ್ತದೆ. ಹಲ್ಲು ನೋಡಿದವರು ಸೊಂಟದ ಸುದ್ದಿ ಕೇಳಲಿಲ್ಲ, ಸೊಂಟ ನೋಡಿದವರು ಬಾಯಿ ತೆರೆಸಲಿಲ್ಲ. ಸಂಧಿವಾತವೆಂದು ಕೊಟ್ಟ ನೋವಿನ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಕಿಡ್ನಿಗೆ ಪೆಟ್ಟು. ಮೈಸೇರಿದ ಫ್ಲೋರೈಡನ್ನು ಹೊರಹಾಕಬೇಕಾದ್ದೂ ಅದೇ ಕಿಡ್ನಿ. ಅದು ಸೋತರೆ ಫ್ಲೋರೈಡ್ ಮತ್ತೆ ಮೂಳೆಗೇ. ನಾವು ಮತ್ತೆ ಮೂಳೆಯವರ ಕ್ಯೂಗೆ. ಇಷ್ಟು ಚೊಕ್ಕಟವಾದ ರೆಫರಲ್ ವ್ಯವಸ್ಥೆಯನ್ನು ಯಾವ ತಜ್ಞರ ಸಮಿತಿಯೂ ರೂಪಿಸಿರಲಾರದು!

‘ಯಾವ ನೀರು ಕುಡೀತೀರಿ?’ ಎಂದು ಕೇಳಲು ಡಿ.ಎಂ. ಬೇಡ. ನಮ್ಮನ್ನು ಹಾಗೆ ಕೇಳಿದವಳು ಆಶಾ ಕಾರ್ಯಕರ್ತೆ. ಅವಳ ಹೆಸರಿಗೆ ಡಿಗ್ರಿಯ ಬಾಲವಿಲ್ಲ, ಹಾಗಾಗಿ ಪ್ರಶ್ನೆ ಫೈಲಿಗೆ ಏರಲಿಲ್ಲ. ಫ್ಲೋರೈಡ್ ತರುವ ಈ ಕಾಯಿಲೆಯ, ಅಂದರೆ ಫ್ಲೋರೋಸಿಸ್‌ನ, ತಡೆಗೆ ಕೇಂದ್ರ ಸರ್ಕಾರ 2008-09ರಲ್ಲೇ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿದೆ. ಅದು ಯಾರ ಡಿಪಾರ್ಟ್‌ಮೆಂಟ್ ಎಂಬುದು ಓಪಿಡಿಯಲ್ಲಿ ಇನ್ನೂ ಇತ್ಯರ್ಥವಾದಂತಿಲ್ಲ.

ಕಾಲೇಜುಗಳಿಗೆ ಬರವೇನಿಲ್ಲ. ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಮುದ್ದೇನಹಳ್ಳಿಯಲ್ಲಿ 2023ರಲ್ಲಿ ಇನ್ನೊಂದು ಉದ್ಘಾಟನೆಯಾಯಿತು. ಪಿ.ಜಿ. ವಿದ್ಯಾರ್ಥಿಗಳು 3 ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ದುಡಿಯಬೇಕೆಂಬ ನಿಯಮವೂ ಇದೆ. ಫ್ಯಾಮಿಲಿ ಮೆಡಿಸಿನ್ ಎಂಬುದಕ್ಕೂ ಎಂ.ಡಿ. ಉಂಟಂತೆ, ಇಡೀ ಮನುಷ್ಯನನ್ನು ನೋಡುವ ಆ ವಿಚಿತ್ರ ಸ್ಪೆಷಾಲಿಟಿಯವರನ್ನು ನಮ್ಮ ಕಡೆ ಇನ್ನೂ ಕಂಡವರಿಲ್ಲ.

ಒಂದೇ ಕೋರಿಕೆ. ನಿಮ್ಮ ಶಿಷ್ಯರನ್ನು ಒಂದು ದಿನ ಯಲಹಂಕದಲ್ಲಿ ಹಿಂದೂಪುರದ ಕಡೆಯ ರೈಲು ಹತ್ತಿಸಿ, ನಮ್ಮ ತೊಂಡೇಬಾವಿಯಲ್ಲಿ ಇಳಿಯಲಿ. ಒಬ್ಬ ರೋಗಿಯ ಎಲ್ಲ ಚೀಟಿಗಳನ್ನೂ ಒಂದೇ ಮೇಜಿನ ಮೇಲೆ ಹರಡಿ ಓದಲಿ. ಕುಡಿಯುವ ನೀರು ಮಾತ್ರ ಮನೆಯಿಂದಲೇ ತರಲಿ.

ಇಂತಿ,
ನಿಮ್ಮ ಮೂರು ಓಪಿಡಿಗಳ ಒಬ್ಬನೇ ರೋಗಿ